ತಾಳಿಯ ಎರಡು ಹವಳ

ಯಾರಾದರೂ ನನ್ನನ್ನು ಹೆದರುಪುಕ್ಕಲ ಎಂದರೆ ನನಗೆ ಸಿಟ್ಟು ಬರುವುದಿಲ್ಲ. ಸಿಟ್ಟಾಗುವುದಕ್ಕೂ ಸ್ವಲ್ಪ ಧೈರ್ಯ ಬೇಕಲ್ಲ. ಶಹಾಪುರದಿಂದ ಯಾದಗಿರಿಗೆ ಹೋಗುವ ಬಸ್ಸನ್ನು ದೋರನಹಳ್ಳಿಯಲ್ಲಿ ತಪಾಸಣೆಯವರು ಹತ್ತಿದರೆ, ಟಿಕೇಟು ಕೈಯಲ್ಲೇ ಇದ್ದರೂ ನನ್ನ ಅಂಗೈ ಬೆವರುತ್ತದೆ. ಖಾಕಿ ಕಂಡರೆ ಮಾಡದ ತಪ್ಪೂ ನೆನಪಾಗುವ ಸ್ವಭಾವ ನನ್ನದು.

ಇಂಥವನು ಹೋದ ಚಳಿಗಾಲದಲ್ಲಿ ಸರ್ಕಾರಿ ನೌಕರರಿಗೆ ಸಿಗುವ ಪ್ರವಾಸದ ಸವಲತ್ತು ಹಿಡಿದುಕೊಂಡು, ಹೆಂಡತಿ ನೀಲಮ್ಮನ ಜೊತೆ ಅಂಡಮಾನಿನ ಕಡಲ ಉದ್ಯಾನ ನೋಡಲು ಹೋದೆ. ಉದ್ಯಾನವೆಂದರೆ ನನಗೆ ಗೊತ್ತಿದ್ದದ್ದು ಬೆಂಚು, ಹುಲ್ಲು, ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಫಲಕ. ಇಲ್ಲಿ ಉದ್ಯಾನವೆಲ್ಲ ನೀರಿನ ಕೆಳಗೆ, ಫಲಕ ಮಾತ್ರ ಮೇಲೆ. ಹವಳದ ಒಂದು ಚೂರು ಒಯ್ದರೂ ಶಿಕ್ಷೆ, ವಾಪಸ್ ಬರುವಾಗ ತಪಾಸಣೆ ಇರುತ್ತದೆ ಎಂದು ದೋಣಿಕಟ್ಟೆಯ ಖಾಕಿಯವನು ಹಿಂದಿಯಲ್ಲಿ ಕೂಗಿ ಹೇಳಿದ.

"ಅಲ್ರಿ, ನನ್ನ ತಾಳ್ಯಾಗಿನ ಹವಳ ಏನ್ ಮಾಡೋದ್ರಿ?" ನೀಲಮ್ಮ ಕಿವಿಯಲ್ಲಿ ಕೇಳಿದಳು.

ನಮ್ಮ ಕಡೆ ತಾಳಿಯ ಜೊತೆ ಹವಳ ಪೋಣಿಸುವುದು ರೂಢಿ. ಈ ಎರಡನ್ನು ನಮ್ಮ ಮದುವೆಯ ದಿನ ಅವ್ವ ತನ್ನ ಸರದಿಂದಲೇ ಬಿಡಿಸಿ ಸೊಸೆಗೆ ಹಾಕಿದ್ದಳು. ಅವ್ವ ಈಗಿಲ್ಲ. ಅವ್ವನ ಹವಳಕ್ಕೆ ರಸೀದಿ ಎಲ್ಲಿಂದ ತರಲಿ?

"ಸೆರಗು ಮುಚ್ಕೊ. ಯಾರರ ಕೇಳಿದ್ರ ಮಾತಾಡಬ್ಯಾಡ," ಎಂದೆ.

ದೊಡ್ಡ ದೋಣಿಯಲ್ಲಿ ಉದ್ಯಾನದ ದ್ವೀಪ ಮುಟ್ಟಿದ ಮೇಲೆ ಗಾಜಿನ ತಳದ ಸಣ್ಣ ದೋಣಿಯಲ್ಲಿ ಕೂರಿಸಿದರು. ನಾನು ಕೃಷ್ಣೆಯ ದಂಡೆಯ ಊರಿನವನು, ಹರಗೋಲಿನಲ್ಲಿ ಎಷ್ಟೋ ಸಲ ಹೊಳೆ ದಾಟಿದವನು. ಹೊಳೆಯ ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ, ಕಾಣದ್ದಕ್ಕೆ ನಾನು ಹೆದರಿದ್ದೂ ಇಲ್ಲ. ನಮಗೂ ಹೊಳೆಗೂ ಮನೆಯವರ ಸಲಿಗೆ. ಮಿಂದು ಏಳುವಾಗ ಒಂದು ದುಂಡು ಕಲ್ಲು ತಂದು ದೇವರ ಜಗಲಿಯ ಮೇಲೆ ಇಡುತ್ತೇವೆ. ಇಲ್ಲಿ ಮಾತ್ರ ಆಳವೆಲ್ಲ ನನ್ನ ಕಾಲಕೆಳಗೇ ಕಾಣುತ್ತಿತ್ತು. ಜಿಂಕೆಯ ಕೊಂಬಿನಂಥ ಹವಳ, ಹೂಕೋಸಿನಂಥ ಹವಳ, ನಡುವೆ ಹಳದಿ ಮೀನು, ಆಮೇಲೆ ಒಮ್ಮೆಲೇ ಕಪ್ಪು ಕಂದಕ. ನಾನು ಹಲಗೆಯನ್ನು ಗಟ್ಟಿಯಾಗಿ ಹಿಡಿದೆ. ಇದು ಕಲ್ಲಲ್ಲ, ಒಂದೊಂದು ತೂತೂ ಒಂದೊಂದು ಸಣ್ಣ ಜೀವದ ಮನೆ ಎಂದು ದೋಣಿಯವನು ವಿವರಿಸಿದ.

"ಎಷ್ಟು ಛಂದ ಅದಾವ ನೋಡ್ರಿ," ಎಂದು ನೀಲಮ್ಮ ಬಗ್ಗಿದಳು. ತಾಳಿ ಸೆರಗಿನಿಂದ ಜಾರಿ ಗಾಜಿನ ಮೇಲೆ ತೂಗಾಡಿತು. ಅಷ್ಟು ದೂರ ಹೋಗಿ ನಾನು ನೋಡಿದ್ದು ಆ ಎರಡು ಹವಳವನ್ನೇ.

ವಾಪಸ್ ಬಂದಾಗ ಖಾಕಿಯವನು ಇನ್ನೂ ಬಾಯಿ ತೆರೆದಿರಲಿಲ್ಲ. "ಸಾಬ್, ಇವು ನಮ್ಮ ಅವ್ವನವು, ಶಹಾಪುರದಿಂದಲೇ ಬಂದವು," ಎಂದು ನಮ್ಮ ಕಡೆಯ ಉರ್ದುವಿನಲ್ಲಿ ಒಂದೇ ಉಸಿರಿಗೆ ಒದರಿಬಿಟ್ಟೆ. ಅವನು ನಕ್ಕು, ಕೊರಳಿನ ಒಡವೆ ಯಾರು ಕೇಳುತ್ತಾರೆ ಎಂದ. ಆಮೇಲೆ ನನ್ನ ಉಬ್ಬಿದ ಕಿಸೆಯ ಕಡೆ ಬೆರಳು ತೋರಿಸಿದ.

ಕೈ ಹಾಕಿದರೆ ಒಂದು ಬಿಳಿ ದುಂಡು ಕಲ್ಲು. ದ್ವೀಪದ ದಂಡೆಯಲ್ಲಿ ಕಾಲು ತೊಳೆದಾಗ ಕೈ ತನ್ನ ರೂಢಿಯಂತೆ ಎತ್ತಿಕೊಂಡಿತ್ತು. ಮೈತುಂಬ ಸಣ್ಣ ಸಣ್ಣ ತೂತು. ಅವು ಏನೆಂದು ಈಗ ನನಗೂ ಗೊತ್ತಿತ್ತು. ಜೈಲು, ಸಸ್ಪೆಂಡು, ಸುರಪುರದ ಮಾವನವರ ಮುಖ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ನೀರಿಗೆ ವಾಪಸ್ ಬಿಟ್ಟು ಬನ್ನಿ," ಎಂದನಷ್ಟೆ. ನಾನು ಕಟ್ಟೆಯ ಮೆಟ್ಟಿಲಿಳಿದು, ಮಲಗಿದ ಮಗುವನ್ನು ಇಳಿಸುವಂತೆ ಅದನ್ನು ನೀರಿಗೆ ಇಳಿಸಿದೆ.

"ಮುಂಜಾನಿಂದ ನನ್ನ ಕೊರಳ ಕಾಯಾಕತ್ತಿದ್ರಿ," ಎಂದಳು ನೀಲಮ್ಮ. "ನಿಮ್ಮ ಕಿಸೆದಾಗ ಒಮ್ಮಿ ಕೈ ಹಾಕಿ ನೋಡ್ಕೊಂಡಿಲ್ಲ."

ಮೊನ್ನೆ ದೋರನಹಳ್ಳಿಯಲ್ಲಿ ಮತ್ತೆ ತಪಾಸಣೆಯವರು ಬಸ್ಸು ಹತ್ತಿದರು. ಎಂದಿನಂತೆ ಅಂಗೈ ಬೆವರಿತು. ಟಿಕೇಟು ತೋರಿಸುವ ಮೊದಲು ನಾನು ಎರಡೂ ಕಿಸೆ ಮುಟ್ಟಿ ನೋಡಿಕೊಂಡೆ. ಇಷ್ಟು ವರ್ಷ ನನ್ನ ಮೇಲೆ ನನಗಿದ್ದ ಅನುಮಾನ ತೀರಾ ಸುಳ್ಳೇನಲ್ಲ ಎಂದು ಈಗ ಗೊತ್ತಾಗಿದೆ.