ಬಲ್ಗೇರಿಯಾ ಸರ್ ತಲೆಯಾಡಿಸಿದ್ದು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅದಕ್ಕೇ ಅವ್ವ ರೇಷ್ಮೆಹುಳದ ಮನೆಯೊಳಕ್ಕೆ ನನ್ನನ್ನು ಬಿಡುತ್ತಿರಲಿಲ್ಲ. ಹೊಂಗನೂರಿನಲ್ಲಿ ಹುಡುಗರ ಕಾಲಿನಿಂದ ಚೆಂಡು ಕಿತ್ತುಕೊಳ್ಳುತ್ತಲೇ ಬೆಳೆದವಳು ನಾನು. ಡಿಗ್ರಿ ಮುಗಿದ ವರ್ಷ ಹಾರೋಹಳ್ಳಿ ಹತ್ತಿರ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಕಟ್ಟುತ್ತಾರೆ, ಹತ್ತು ದಿನ ಕ್ಯಾಂಪು ಎಂದು ಗೊತ್ತಾಯಿತು. ಅಪ್ಪ ಒಪ್ಪಿದ, ಆದರೆ ಒಂದೇ ಸಲಕ್ಕೆ.

"ಈ ಸಲ ಆಗ್ನಿಲ್ಲ ಅಂದ್ರೆ ಬಾಯ್ ಮುಚ್ಕೊಂಡು ಬಿ.ಎಡ್‌ಗೆ ಸೇರ್ಕೋಬೇಕು ನೋಡು."

ಕೋಚ್ ಬಲ್ಗೇರಿಯಾದವರು, ಹೊಗೆಸೊಪ್ಪು ಬೆಳೆಯುವ ರೈತರ ಮಗ. ಹದಿನಾಲ್ಕು ವರ್ಷ ಡಿಫೆಂಡರ್ ಆಗಿ ಆಡಿದ್ದರು. ಅವರದೂ ಹರಕು ಇಂಗ್ಲಿಷು, ನನ್ನದೂ ಹರಕು ಇಂಗ್ಲಿಷು, ಹೇಗೋ ಮಾತು ನಡೆಯುತ್ತಿತ್ತು. ಜೀವಮಾನದಲ್ಲಿ ಹೊಡೆದದ್ದು ಒಂದೇ ಗೋಲಂತೆ, ಅದೂ ತಮ್ಮ ಕಡೆಯ ಗೋಲಿಗೇ! ಎರಡು ಸಲ ಮೂಗು ಮುರಿದು, ಆಮೇಲೆ ಮಂಡಿ ಹೋಗಿ ಆಟ ಬಿಟ್ಟು, ದೇಶ ದೇಶ ಅಲೆಯುವ ಕೋಚ್ ಆಗಿದ್ದರು.

"ಡಿಫೆಂಡರ್ ಚೆನ್ನಾಗಿ ಆಡಿದರೆ ಏನೂ ಆಗುವುದಿಲ್ಲ. ಆಗದೇ ಇದ್ದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?" ಎನ್ನುತ್ತಿದ್ದರು. ನಾನೂ ಡಿಫೆಂಡರ್.

ಕೊನೆಯ ದಿನ ಒಬ್ಬೊಬ್ಬರನ್ನೇ ಕರೆದು, ಆಯ್ಕೆಯಾದವರಿಗೆ ಸೋಮವಾರ ಬನ್ನಿ ಎನ್ನುತ್ತಿದ್ದರು. ನನ್ನ ಸರದಿಗೆ ಸರಿಯಾಗಿ ಅವರಿಗೆ ಫೋನು ಬಂತು. ನನಗೆ ತಡೆಯಲಾಗಲಿಲ್ಲ. "ಸರ್, ನಾನು ಟೀಮಲ್ಲಿ ಇದೀನಾ?" ಎಂದೆ. ಫೋನಿನಲ್ಲಿ ಮಾತಾಡುತ್ತಲೇ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಅಷ್ಟೇ. ಚೀಲ ಹೆಗಲಿಗೇರಿಸಿ ಕನಕಪುರದ ಬಸ್ಸು ಹತ್ತಿ, ದಾರಿಯುದ್ದಕ್ಕೂ ಅತ್ತೆ.

ಮನೆಯಲ್ಲಿ ಅವ್ವ, ಹಣ್ಣಾದ ಹುಳಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. "ಏನಂದ್ರವ್ವ?" ಎಂದಳು. ಸರ್ ಆಡಿಸಿದ ಹಾಗೆಯೇ ತಲೆಯಾಡಿಸಿ ತೋರಿಸಿದೆ.

"ಹುಳ ಹಂಗ್ ತಲೆ ಆಡ್ಸುದ್ರೆ ಹಣ್ಣಾಗೈತೆ ಅಂತ ಕಣವ್ವ. ಒಸಿ ಫೋನ್ ಮಾಡಿ ಕೇಳು."

"ಅವ್ರೇನ್ ನಿನ್ ಹುಳಾನಾ?" ಎಂದು ಸಿಡುಕಿದೆ. ಫೋನ್ ಮಾಡಲಿಲ್ಲ. ಸೋಮವಾರ ಅಲ್ಲಿಂದ ಬಂದ ಫೋನನ್ನೂ ಎತ್ತಲಿಲ್ಲ, ಸಮಾಧಾನ ಹೇಳುತ್ತಾರೆ ಎಂದುಕೊಂಡು. ಕೊಬ್ಬು, ಇನ್ನೇನು!

ಬಿ.ಎಡ್. ಸೇರಿದೆ. ತರಗತಿಯಲ್ಲಿ ಬೆಂಚಿನಡಿ ಕಾಲು ಸುಮ್ಮನಿರುತ್ತಿರಲಿಲ್ಲ. ಆ ತಂಡದ ಪಂದ್ಯ ರಾಮನಗರದಲ್ಲಿದೆ ಎಂದು ತಿಳಿದಾಗ ಕ್ಲಾಸಿಗೆ ಚಕ್ಕರ್ ಹೊಡೆದು ಹೋದೆ. ಸರ್ ನನ್ನನ್ನು ಕಂಡವರೇ ಕುಂಟಿಕೊಂಡು ಬಂದರು.

"ಯಾಕೆ ಬರಲಿಲ್ಲ? ನಾನು ಹೂಂ ಅಂದಿದ್ದೆನಲ್ಲ!"

"ಇಲ್ಲ ಅಂತ ತಲೆ ಆಡಿಸಿದಿರಿ ಸರ್."

ಅವರು ಹಣೆ ಚಚ್ಚಿಕೊಂಡರು. ಅವರ ದೇಶದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ಹೂಂ, ಮೇಲೆ ಕೆಳಗೆ ಆಡಿಸಿದರೆ ಇಲ್ಲ ಅಂತೆ. ಇಲ್ಲಿಗೆ ಬಂದ ಮೇಲೆ ಹುಷಾರಾಗಿ ಎಲ್ಲವನ್ನೂ ಬಾಯಲ್ಲೇ ಹೇಳುತ್ತಿದ್ದರಂತೆ. ಅವತ್ತು ಬಾಯಿ ಫೋನಿನಲ್ಲಿತ್ತು.

"ಈಗ ಸೇರ್ಕೋಬಹುದಾ ಸರ್? ಜಾಗ ಇದೆಯಾ?"

ಅವರು ಮೈದಾನದಲ್ಲಿ ನನ್ನ ಜಾಗದಲ್ಲಿ ಆಡುತ್ತಿದ್ದ ಹುಡುಗಿಯ ಕಡೆ ಒಮ್ಮೆ ತಿರುಗಿ ನೋಡಿದರು. ನನ್ನ ಮುಖ ನೋಡುತ್ತಾ ಮೆಲ್ಲಗೆ ತಲೆಯನ್ನು ಮೇಲಕ್ಕೆ, ಕೆಳಕ್ಕೆ ಆಡಿಸಿದರು.

ನಾನು ಅವರ ಎರಡೂ ಕೈ ಹಿಡಿದುಕೊಂಡು, ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಎಂದುಬಿಟ್ಟಿದ್ದೆ. ಅದು ಅವರೂರಿನ ತಲೆಯಾಟ ಎಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು.