ಹಳದಿ ಪಟ್ಟಿ, ಕೆಂಪು ಪಟ್ಟಿ

ನನ್ನ ಹತ್ತಿರ ಕ್ಯಾಮೆರಾ ಇಲ್ಲ. ಯಾವುದನ್ನು ಕೊಳ್ಳಬೇಕೆಂದು ಇವತ್ತಿನವರೆಗೂ ತೀರ್ಮಾನವಾಗಿಲ್ಲ, ಅಷ್ಟೇ. ಹಾಸನದ ಅಂಗಡಿಗೆ ಹೋಗಿ ನಿಂತರೆ ಎಡಗಡೆಯ ಗಾಜಿನ ಕಪಾಟಿನಲ್ಲಿರುವುದೇ ಚೆನ್ನ ಅನ್ನಿಸುತ್ತದೆ. ಅದನ್ನು ಕೈಗೆ ತೆಗೆದುಕೊಂಡ ಕೂಡಲೆ ಬಲಗಡೆಯದು ಕರೆಯುತ್ತದೆ. ಹಲ್ಲುಜ್ಜುವ ಪೇಸ್ಟಿನಲ್ಲೂ ನಾನು ಹೀಗೆಯೇ, ಒಂದನ್ನೇ ಒಂದು ಮಳೆಗಾಲದುದ್ದಕ್ಕೂ ನಂಬಿದವನಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ ಆಲೂರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನಿಗೆ ಇದೇನು ದೊಡ್ಡ ಕೊರತೆಯಲ್ಲ ಬಿಡಿ, ಸಂದೇಹವೇ ನಮ್ಮ ಕಸುಬು. ಆದರೆ ಒಂದೇ ಕಂಪನಿಗೆ ಜೀವಮಾನವನ್ನೇ ಒಪ್ಪಿಸಿ ನೆಮ್ಮದಿಯಾಗಿ ಕೂತವರನ್ನು ಕಂಡಾಗ ಒಳಗೆ ಏನೋ ಕದಡುತ್ತದೆ. ಅಸೂಯೆಯೋ, ತಾತ್ಸಾರವೋ? ನೋಡಿ, ಅದನ್ನೂ ತೀರ್ಮಾನಿಸಲಾರೆ.

ಅಂಥ ಇಬ್ಬರು ಹಾನುಬಾಳಿನಲ್ಲಿದ್ದರು. ಒಬ್ಬರು ನನ್ನ ಚಿಕ್ಕಪ್ಪ ಧರ್ಮಪ್ಪ, ಸಣ್ಣದೊಂದು ಕಾಫಿ ತೋಟದ ಒಡೆಯರು. ಇನ್ನೊಬ್ಬರು ಅವರ ಗೆಳೆಯ ಸಿರಿಲ್ ಲೋಬೊ. ಅಜ್ಜನ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಮನೆತನ. ಊರಿನಲ್ಲಿ ಸ್ಪ್ರೇಯರ್, ಮೋಟಾರುಗಳ ಬಿಡಿಭಾಗದ ಅಂಗಡಿ, ಮನೆಯ ಹಿಂದೆ ಒಂದಿಷ್ಟು ತೋಟ. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ಒಂದು ವರ್ಷ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಕ್ಯಾಮೆರಾ ಕೊಂಡರು. ಎರಡೂ ಜಪಾನಿನವೇ, ಆದರೆ ಹುಟ್ಟಾ ಎದುರಾಳಿಗಳಾದ ಎರಡು ಕಂಪನಿಗಳವು. ಆ ಕಂಪನಿಗಳ ಹೆಸರು ಹಾನುಬಾಳಿನಲ್ಲಿ ಯಾರ ಬಾಯಲ್ಲೂ ಸರಿಯಾಗಿ ಹೊರಳುತ್ತಿರಲಿಲ್ಲ. ಒಂದರ ಕುತ್ತಿಗೆಪಟ್ಟಿಯಲ್ಲಿ ಹಳದಿ ಅಕ್ಷರ, ಇನ್ನೊಂದರ ಪಟ್ಟಿಯಲ್ಲಿ ಕೆಂಪು. ಹಾಗಾಗಿ ಚಿಕ್ಕಪ್ಪ ಹಳದಿ ಪಟ್ಟಿಯವರಾದರು, ಸಿರಿಲ್ ಕೆಂಪು ಪಟ್ಟಿಯವರಾದರು. ಕ್ರಮೇಣ ಬಸ್ ಸ್ಟ್ಯಾಂಡಿನ ಹೋಟೆಲಿನವನೂ, ಕ್ಯಾಮೆರಾವನ್ನು ಜನ್ಮದಲ್ಲಿ ಮುಟ್ಟದವರೂ ಒಂದೊಂದು ಪಟ್ಟಿಗೆ ಸೇರಿಬಿಟ್ಟರು.

ಈ ಎರಡು ಕ್ಯಾಮೆರಾಗಳ ನಡುವೆ ನಿಜವಾಗಿ ಏನು ವ್ಯತ್ಯಾಸ ಎಂದು ನಾನು ಶಿಸ್ತಿನಿಂದ ವಿಚಾರಿಸಿದ್ದೇನೆ. ತಿಳಿದದ್ದು ಇಷ್ಟು: ಒಂದರಲ್ಲಿ ಲೆನ್ಸನ್ನು ಎಡಕ್ಕೆ ತಿರುಗಿಸಿ ಕೂರಿಸಬೇಕು, ಇನ್ನೊಂದರಲ್ಲಿ ಬಲಕ್ಕೆ. ಫೋಕಸ್ ಮಾಡುವ ಬಳೆಯೂ ಒಂದರಲ್ಲಿ ಹೀಗೆ ತಿರುಗಿದರೆ ಇನ್ನೊಂದರಲ್ಲಿ ಹಾಗೆ. ಒಂದಕ್ಕೆ ಪಳಗಿದ ಕೈ ಇನ್ನೊಂದನ್ನು ಹಿಡಿದರೆ ಎಡಗೈಯಲ್ಲಿ ಉಂಡ ಹಾಗೆ ತಡವರಿಸುತ್ತದೆ. ಇಷ್ಟಕ್ಕೇ ಇಷ್ಟೊಂದು ಜಗಳವೇ ಎನ್ನಬೇಡಿ. ಎಲ್ಲೋ ಒಂದು ದೇವಸ್ಥಾನದ ಆನೆಯ ಹಣೆಗೆ ವಡಗಲೈ ನಾಮ ಬಳಿಯಬೇಕೋ ತೆಂಗಲೈ ನಾಮ ಬಳಿಯಬೇಕೋ ಎಂದು ಶ್ರೀವೈಷ್ಣವರ ಎರಡು ಪಂಗಡದವರು ಕೋರ್ಟಿನ ಮೆಟ್ಟಿಲು ಹತ್ತಿದ ಕಥೆಯನ್ನು ನೀವೂ ಕೇಳಿರುತ್ತೀರಿ. ಅಲ್ಲೂ ಇದ್ದ ವ್ಯತ್ಯಾಸ ಗೆರೆಯ ಒಂದು ತಿರುವು ಮಾತ್ರ. ಆನೆಯನ್ನು ಯಾರೂ ಕೇಳಲಿಲ್ಲ.

ಮಳೆಗಾಲ ಬಂದರೆ ಪಂಥಭೇದ ಇನ್ನೂ ಬಲಿಯುತ್ತಿತ್ತು. ನಮ್ಮ ಕಡೆಯ ಜೂನ್ ತಿಂಗಳಿನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ದೇವರ ಪಟಕ್ಕೂ ಹಿಡಿಯುತ್ತದೆ, ಲೆನ್ಸಂತೂ ಅದಕ್ಕೆ ಹೆಣ್ಣು ಕೊಟ್ಟ ಮಾವನ ಮನೆಯ ಹಾಗೆ. ಚಿಕ್ಕಪ್ಪ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಹೂತಿಡುತ್ತಿದ್ದರು. ಸಿರಿಲ್ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿ ಅದರ ಪಕ್ಕದಲ್ಲಿಡುತ್ತಿದ್ದರು.

“ಕರೆಂಟೇ ಇಲ್ಲದ ಊರಲ್ಲಿ ಬಲ್ಬ್ ಹಾಕ್ಕೊಂಡು ಕೂತವ್ನೆ” ಎಂದು ಚಿಕ್ಕಪ್ಪ.

“ನಿಮ್ಮ ಮನೆಯ ಅನ್ನದಲ್ಲಿ ಲೆನ್ಸಿನ ಚೂರು ಸಿಗ್ತದೆ ಗೌಡ್ರೇ, ಜಾಗ್ರತೆ” ಎಂದು ಸಿರಿಲ್.

ಚಿಕ್ಕಮ್ಮನ ಪಕ್ಷವೇ ಬೇರೆ. “ಆ ಪೆಟ್ಟಿಗೆ ಒರೆಸೋಕೆ ಮೆತ್ತಗಿರೋ ಬಟ್ಟೆನೇ ಆಗ್ಬೇಕಂತೆ. ನನ್ ಮದುವೆ ಸೀರೆ ಸೆರಗು ಕತ್ತರಿಸ್ಕೊಂಡವ್ರೆ ಕಣಪ್ಪ. ನನ್ನ ಒಂದಿನನಾದ್ರೂ ಹಂಗೆ ಒರೆಸಿ ಇಟ್ಟಿದ್ರೆ!”

ನಾನು ಆಲೂರಿನಿಂದ ಭಾನುವಾರಗಳಲ್ಲಿ ಬಸ್ಸು ಹಿಡಿದು ಹೋದರೆ ಇಬ್ಬರೂ ನನ್ನನ್ನು ತಮ್ಮ ಕಡೆಗೆ ಎಳೆಯುತ್ತಿದ್ದರು. ನಾನು ಬೆಳಿಗ್ಗೆ ಹಳದಿ, ಊಟವಾದ ಮೇಲೆ ಕೆಂಪು. ಕೊನೆಗೊಮ್ಮೆ ಬೇಸತ್ತು, ಒಂದು ಪಂದ್ಯವಾಗಿಹೋಗಲಿ ಎಂದೆ. ಇಬ್ಬರಿಗೂ ಒಂದೇ ಕಂಪನಿಯ ಫಿಲ್ಮ್ ರೋಲು, ಒಂದೇ ಬೆಳಕು, ಎದುರಿಗೆ ಒಂದೇ ಮುಖ. ನಾನು ಒಂದು, ಎರಡು, ಮೂರು ಎಂದಾಗ ಇಬ್ಬರೂ ಒತ್ತಬೇಕು. ಎದುರಿಗೆ ಕೂರಲು ಸಿರಿಲ್ ಅವರ ಹೆಂಡತಿ ಐರಿನ್ ಬಾಯಿಯನ್ನು ಒಪ್ಪಿಸಿದ್ದಾಯಿತು.

ಅದು ಕಾಫಿ ಕೊಯ್ಲಿನ ಕಾಲ. ಸಿರಿಲ್ ಅವರ ಕಣದ ತುಂಬ ಹಣ್ಣು ಹರವಿತ್ತು. ಐರಿನ್ ಬಾಯಿ ಮೂಟೆಯೊಂದರ ಮೇಲೆ, ಪಾದ್ರಿಯವರ ಎದುರು ಕೂತ ಹಾಗೆ ಸೆಟೆದು ಕೂತರು. ಇಬ್ಬರು ವೀರರೂ ಭುಜಕ್ಕೆ ಭುಜ ತಾಗಿಸಿ ನಿಂತರು. ನಾನು ಅವರ ಬೆನ್ನ ಹಿಂದೆ ನಿಂತು ಎಣಿಸುತ್ತ ಹೋದೆ. ರೋಲು ಮುಗಿಯುತ್ತ ಬಂದಿತ್ತು. ಒಂದು ಸಲ ನಾನು ಮೂರು ಎನ್ನುವ ಮೊದಲೇ ಐರಿನ್ ಬಾಯಿ ಇದ್ದಕ್ಕಿದ್ದ ಹಾಗೆ ನಕ್ಕುಬಿಟ್ಟರು. ಕ್ಲಿಕ್ ಎಂದು ಒಂದೇ ಒಂದು ಸದ್ದಾಯಿತು.

ಎರಡು ರೋಲುಗಳನ್ನೂ ಸಕಲೇಶಪುರದ ಸ್ಟುಡಿಯೋಗೆ ಒಟ್ಟಿಗೇ ಕೊಟ್ಟೆವು. ಸ್ಟುಡಿಯೋದವನು ಎರಡನ್ನೂ ಕತ್ತರಿಸಿ, ಬೆರೆಸಿ, ಒಂದೇ ಕವರಿನಲ್ಲಿ ಹಾಕಿ ಕೊಟ್ಟ. ಅವನಿಗೇನು ಗೊತ್ತು, ಅದು ಎರಡು ಮತಗಳ ಧರ್ಮಗ್ರಂಥವೆಂದು? ಪ್ರಿಂಟುಗಳಲ್ಲೆಲ್ಲ ಐರಿನ್ ಬಾಯಿಯದು ಬಿಗಿದ ತುಟಿ, ಮುಚ್ಚಿದ ಕಣ್ಣು. ಆ ಒಂದರಲ್ಲಿ ಮಾತ್ರ ನೇರವಾಗಿ ಲೆನ್ಸಿನೊಳಗೆ ನೋಡಿಕೊಂಡು, ತಲೆ ಒಂಚೂರು ಹಿಂದಕ್ಕೆ ಚೆಲ್ಲಿ, ಬಾಯ್ತುಂಬ ನಗುತ್ತಿದ್ದರು. ಚಿತ್ರ ತುಸು ಮಸುಕಾಗಿತ್ತು. ಇಬ್ಬರೂ ಅದು ತಮ್ಮದೆಂದರು. ಮಸುಕು ನಮ್ಮ ಲೆನ್ಸಿನ ಮಾರ್ದವ ಎಂದೂ ಇಬ್ಬರೂ ಹೇಳಿದರು! ನೆಗೆಟಿವ್ ನೋಡಿ ಪತ್ತೆಹಚ್ಚೋಣವೆಂದರೆ, ಯಾರೂ ಬೇಗ ಆ ಕೆಲಸಕ್ಕೆ ಕೈಹಾಕಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಅವು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಜಗಳ ವರ್ಷಗಟ್ಟಲೆ ನಡೆಯಿತು. ಐರಿನ್ ಬಾಯಿ ಕಾಫಿ ತಂದಿಟ್ಟು, “ಮೂತಿ ನನ್ನದು, ಜಗಳ ನಿಮ್ಮದಾ?” ಎಂದು ಹೇಳಿ ಒಳಗೆ ಹೋಗುತ್ತಿದ್ದರು.

ಅವತ್ತು ನೀವೇಕೆ ನಕ್ಕಿರಿ, ಯಾರನ್ನು ನೋಡಿ ನಕ್ಕಿರಿ ಎಂದು ಐರಿನ್ ಬಾಯಿಯನ್ನೇ ಕೇಳಬಹುದಿತ್ತು. ಯಾರಿಗೂ ಹೊಳೆಯಲಿಲ್ಲ. ನಮಗೆ ಆಗ ಬೇಕಿದ್ದದ್ದು ಕ್ಯಾಮೆರಾದ ವಿಷಯ.

ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಐರಿನ್ ಬಾಯಿ ಕಾಯಿಲೆ ಬಿದ್ದು ತೀರಿಕೊಂಡರು. ಒಂದು ತಿಂಗಳ ಪೂಜೆಗೆ ಚಿಕ್ಕಪ್ಪನೂ ನಾನೂ ಹೋಗಿದ್ದೆವು. ಊಟ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ನಾವು ಮೂವರೇ ಜಗಲಿಯಲ್ಲಿ ಉಳಿದೆವು. ಆ ನಗುವ ಚಿತ್ರವನ್ನೇ, ಪ್ರಿಂಟಿನಿಂದಲೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರು. ಅದನ್ನು ನೋಡುತ್ತ ಕೂತಿದ್ದ ಸಿರಿಲ್ ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ಅವತ್ತು ನೀವು ಹಿಂದೆ ನಿಂತಿದ್ದಿರಲ್ಲ. ನಿಜ ಹೇಳಿ. ಅವಳು ಯಾರನ್ನ ನೋಡಿ ನಗಾಡಿದ್ದು?”

ನನಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಮತ್ತೆ ಗೋಡೆಯ ಚಿತ್ರ ನೋಡಿದೆ. ಆಕೆ ಲೆನ್ಸಿನೊಳಗೆ ನೇರ ನೋಡುತ್ತಿದ್ದಾರೆ. ಆ ಲೆನ್ಸು ಯಾರ ಕೈಯಲ್ಲಿತ್ತೋ ಆ ಮನುಷ್ಯನನ್ನು ನೋಡಿ ನಕ್ಕಿದ್ದಾರೆ. ಹಳದಿ ಪಟ್ಟಿಯಾಗಿದ್ದರೆ ಆ ನಗು ಚಿಕ್ಕಪ್ಪನ ಪಾಲಿನದು, ಎಷ್ಟೇ ಆದರೂ ಹೊರಗಿನವರಿಗೆ ಕೊಟ್ಟ ನಗು. ಗಂಡನ ಪಾಲಿಗೆ ಉಳಿಯುವುದು ಆ ಬಿಗಿದ ತುಟಿಗಳು. ಇಷ್ಟು ವರ್ಷ ಯಾವ ಕಂಪನಿಯದು ಎಂದು ಬಡಿದಾಡಿದ್ದ ಸಿರಿಲ್‌ಗೆ ಈಗ ಕಂಪನಿ ಬೇಡವಾಗಿತ್ತು.

ನೆನಪಿಸಿಕೊಂಡೆ. ಕಣ ಕಾಣಿಸಿತು, ಇಬ್ಬರ ಬೆನ್ನೂ ಕಾಣಿಸಿತು. ಎಡಗಡೆಯ ಕುತ್ತಿಗೆಯ ಮೇಲೆ ಹಳದಿ ಪಟ್ಟಿ ಸ್ಪಷ್ಟವಾಗಿ ಕಾಣಿಸಿತು. ಒಂದು ನಿಮಿಷ ಬಿಟ್ಟು ನೋಡಿದರೆ ಅದೇ ಕುತ್ತಿಗೆಯ ಮೇಲೆ ಕೆಂಪು, ಅಷ್ಟೇ ಸ್ಪಷ್ಟ! ನಮ್ಮ ತರ್ಕಶಾಸ್ತ್ರದ ಹಳೆಯ ನೈಯಾಯಿಕರು ಕಣ್ಣಾರೆ ಕಂಡದ್ದಕ್ಕೆ ಮಣೆ ಹಾಕಿದರು, ಊಹೆಗೂ ಹಾಕಿದರು, ನಂಬಿಕಸ್ಥರ ಮಾತಿಗೂ ಹಾಕಿದರು. ನೆನಪನ್ನು ಮಾತ್ರ ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಲಿಲ್ಲ. ಯಾಕೆಂದು ಆ ಮಧ್ಯಾಹ್ನ ತಿಳಿಯಿತು. ಈಗಿನ ಡಿಜಿಟಲ್ ಚಿತ್ರವಾದರೆ ಯಾವ ಕ್ಯಾಮೆರಾ, ಯಾವ ಗಳಿಗೆ ಎನ್ನುವುದನ್ನೆಲ್ಲ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದಂತೆ. ಈ ಚಿತ್ರದ ಹೊಟ್ಟೆಯಲ್ಲಿ ಏನಿದ್ದರೂ ಅದು ನಾನೇ.

“ಅದು... ಸಿರಿಲಣ್ಣ...” ಎಂದು ತಡವರಿಸಿದೆ.

“ಅವನ್ನೇನು ಕೇಳ್ತೀಯ ಸಿರಿಲಾ” ಎಂದರು ಚಿಕ್ಕಪ್ಪ. “ಬೆಳಿಗ್ಗೆ ತಿಂದಿದ್ದು ದೋಸೆನೋ ರೊಟ್ಟಿನೋ ಅಂತ ಮಧ್ಯಾಹ್ನಕ್ಕೆ ಡೌಟು ಅವನಿಗೆ. ನನ್ನ ಕೇಳು. ಆ ಫೋಟೋ ನಮ್ ಹಳದಿ ಪಟ್ಟಿದೇ. ಅದ್ರಾಗೆ ಎರಡು ಮಾತಿಲ್ಲ.”

ಸಿರಿಲ್ ತಲೆ ತಗ್ಗಿಸಿದರು. ನನಗೆ ಎದ್ದು ಚಿಕ್ಕಪ್ಪನ ಬಾಯಿ ಮುಚ್ಚಬೇಕೆನ್ನಿಸಿತು. ಇವತ್ತೂ ಇವರಿಗೆ ಗೆಲ್ಲಬೇಕೆ?

“ಆದ್ರೆ ಆಗ ಕ್ಯಾಮೆರಾ ಇದ್ದಿದ್ದು ನಿನ್ ಕೈಲಿ ಕಣೋ.”

ಸಿರಿಲ್ ತಲೆ ಎತ್ತಿದರು.

“ಮರೆತ್ಬುಟ್ಯಾ? ಇವನೇ ಅಲ್ವಾ, ಕ್ಯಾಮೆರಾ ಗುಣ ಬೇರೆ ಕೈ ಗುಣ ಬೇರೆ, ಅದಲು ಬದಲು ಮಾಡ್ಕೊಂಡು ತೆಗೀರಿ ಅಂದಿದ್ದು? ಓದಿದೋರ ತಲೆಹರಟೆ. ಕೊನೇಲಿ ಒಂದೆರಡು ಹಂಗೇ ತೆಗೆದ್ವಲ್ಲ. ನಮ್ದರಲ್ಲಿ ಎಲ್ಲಾ ನಿಂಗೆ ಉಲ್ಟಾ. ಆ ಕಡೆಗೆ ತಿರುಗ್ಸಬೇಕಾದ್ದನ್ನ ಈ ಕಡೆಗೆ ತಿರುಗ್ಸಿ, ಬೆವರು ಬಿಟ್ಕೊಂಡು, ಹುರುಳಿ ಬೀಸೋರ ತರ ಗುರುಗುಟ್ತಾ ನಿಂತಿದ್ದೆ. ಅದನ್ನ ನೋಡಿ ಆಯಮ್ಮ ನಕ್ಕಿದ್ದು. ಗಾಬ್ರಿಲಿ ನೀನು ಗುಂಡಿ ಒತ್ಬುಟ್ಟೆ. ಅದಕ್ಕೇ ಮಸುಕು. ಇಲ್ಲಾಂದ್ರೆ ನಮ್ ಲೆನ್ಸಲ್ಲಿ ಮಸುಕು ಬರೋದುಂಟಾ? ಇವನ್ನೇ ಕೇಳು ಬೇಕಾದ್ರೆ. ಏನೋ, ಹೌದೋ ಅಲ್ವೋ?”

ನಾನು ಹಾಗೆ ಹೇಳಿದ್ದೆನೇ? ನೆನಪಿಲ್ಲ. ಆದರೆ ಅದು ನಾನು ಹೇಳುವಂಥ ಮಾತೇ. ಕ್ಯಾಮೆರಾದ ಗುಣವನ್ನು ಕೈಯ ಗುಣದಿಂದ ಬೇರ್ಪಡಿಸಿ ಪರೀಕ್ಷಿಸಬೇಕು ಎನ್ನುವ ತರ್ಕ ಹಾನುಬಾಳಿನಲ್ಲಿ ಬೇರೆ ಯಾರಿಗೆ ಹೊಳೆದೀತು? ಹೇಳಿರಬಹುದು. ಹೇಳಿದ್ದರೂ ಆ ಇಬ್ಬರು ಕಟ್ಟಾಳುಗಳು ತಮ್ಮ ಕ್ಯಾಮೆರಾವನ್ನು ಇನ್ನೊಬ್ಬನ ಕೈಗೆ ಕೊಟ್ಟಿರಬಹುದೇ? ಈ ಎರಡು ಪ್ರಶ್ನೆಗಳ ನಡುವೆ ನನ್ನ ತಲೆ ಓಲಾಡುತ್ತಿತ್ತು. ಬಾಯಿ ಮಾತ್ರ, “ಹೌದು” ಎಂದುಬಿಟ್ಟಿತು.

ಸಿರಿಲ್ ಗೋಡೆಯ ಕಡೆ ನೋಡಿದರು. ಅವರ ಎದುರು ಇದ್ದ ಲೆಕ್ಕ ನನಗೂ ಗೊತ್ತಾಗುತ್ತಿತ್ತು. ಹೆಂಡತಿಯ ನಗು ಬೇಕಾದರೆ ಹಳದಿ ಪಟ್ಟಿಯನ್ನು ಒಪ್ಪಬೇಕು. ದಶಕಕ್ಕೂ ಹೆಚ್ಚು ಕಾಲ ಅಂಗಡಿಯ ಗಲ್ಲಾದ ಮುಂದೆ, ಇಗರ್ಜಿಯ ಬಾಗಿಲಲ್ಲಿ, ನೆಂಟರ ಮದುವೆಗಳಲ್ಲಿ ಹಿಡಿದುಕೊಂಡು ಬಂದ ಹಟವನ್ನು ಇಲ್ಲೇ ಕೆಳಗಿಳಿಸಬೇಕು.

“ಹೌದು ಗೌಡ್ರೇ” ಎಂದರು ನಿಧಾನವಾಗಿ. “ನಿಮ್ಮ ಕ್ಯಾಮೆರಾವೇ ಅದು.”

ಅವರೇ ಮುಂದುವರಿಸಿದರು. “ನಾನು ಕೊಂಕಣಿಯಲ್ಲಿ ಬೈದಿದ್ದೆ ಮಾರಾಯ್ರೆ, ಆ ಬಳೆ ತಿರುಗದೆ. ಅದಕ್ಕೇ ಅವಳು ಅಷ್ಟು ನಗಾಡಿದ್ದು. ಪಾದ್ರಿಗಳಿಗೆ ಹೇಳ್ತೇನೆ ಅಂತ ಹೆದರಿಸಿದ್ಲು.” ಹೇಳುತ್ತ ಹೇಳುತ್ತ ಅವರ ದನಿ ಗಟ್ಟಿಯಾಯಿತು, ಆ ದಿನ ಮೊದಲ ಬಾರಿಗೆ ನಕ್ಕರು, ನಗುವಿನ ಮಧ್ಯೆಯೇ ಅತ್ತರು. ಒಬ್ಬರು ನೂಲು ಕೊಟ್ಟರು, ಇನ್ನೊಬ್ಬರು ನೇಯ್ದರು. ಇಷ್ಟರಲ್ಲಿ ನನಗೂ ಆ ಬೈಗುಳ ಎಲ್ಲೋ ಕೇಳಿದ ಹಾಗೆ ಆಗತೊಡಗಿತ್ತು.

ಗೆದ್ದವರ ಮುಖ ನೋಡಬೇಕಿತ್ತು. ಚಿಕ್ಕಪ್ಪ ಹಬ್ಬದ ಮಾರನೆಯ ದಿನದ ಅಂಗಳದ ಹಾಗಿದ್ದರು. ನಾವು ಜೀಪು ಹತ್ತಿ ತಿರುವು ದಾಟಿದೆವು. ಆಮೇಲೆ, “ಅಲ್ಲ, ಇನ್ಮೇಲೆ ಭಾನುವಾರ ಅವನ ಅಂಗಡಿಲಿ ಕೂತು ಏನು ಮಾತಾಡೋದು ಮಾರಾಯ?” ಎಂದರು.

ನನಗೆ ಬೇರೆಯೇ ಚಡಪಡಿಕೆ. “ಚಿಕ್ಕಪ್ಪ, ನಿಜ ಹೇಳಿ. ಅವತ್ತು ಅದಲು ಬದಲು ಆಗಿತ್ತಾ?”

“ನಿಂಗೆ ನೆನಪಿಲ್ವಾ?”

“ಇಲ್ಲ.”

“ಆಗಿರ್ಲಿಲ್ಲ ಅಂತ ನೆನಪೈತಾ?”

“ಅದೂ ಇಲ್ಲ.”

“ಹಂಗಾದ್ರೆ ಆಗಿತ್ತು ಅಂತ ಇಟ್ಕೋ. ಆಗಿಲ್ಲ ಅನ್ನೋಕೆ ನಿನ್ ಹತ್ರ ಏನೈತೆ?”

ಇಲ್ಲವೆಂದು ತೋರಿಸಲಾಗದ ಮಾತ್ರಕ್ಕೆ ಇದೆ ಎನ್ನುವ ಈ ಬಗೆಯ ವಾದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರೇ ಇದೆ. ಅದು ದೋಷ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ; ಉತ್ತರಪತ್ರಿಕೆಯಲ್ಲಿ ಅಂಥದ್ದು ಕಂಡರೆ ಮುಲಾಜಿಲ್ಲದೆ ಸೊನ್ನೆ ಹಾಕುತ್ತೇನೆ. ಚಿಕ್ಕಪ್ಪನಿಗೆ ಮಾತ್ರ ಪೂರ್ತಿ ಅಂಕ ಕೊಟ್ಟು, ಆಲೂರಿನ ಬಸ್ಸು ಹತ್ತಿದೆ.