ಕಾಕಾ ಮೆಲ್ಲಗೆ ಹಾಡಿದ್ದು

ಬೆಳಿಗ್ಗೆ ಮಗಳ ಮೊಬೈಲಿನಲ್ಲಿ, ಸದಾ ಅಬ್ಬರಿಸುವ ರಾಕ್ ಗಾಯಕನೊಬ್ಬ ಒಬ್ಬನೇ ಗಿಟಾರ್ ಹಿಡಿದು, ಕೈತಪ್ಪಿದ ಪ್ರೀತಿಯ ಬಗ್ಗೆ ಮೆಲ್ಲಗೆ ಹಾಡುತ್ತಿದ್ದ. ನನಗೆ ಭಾಲ್ಕಿಯ ನಮ್ಮ ಕಾಕಾ ನೆನಪಾದರು. ಮದುವೆ ಬ್ಯಾಂಡಿನಲ್ಲಿ ಓಣಿ ನಡುಗುವಂತೆ ಡ್ರಮ್ ಬಾರಿಸುತ್ತಿದ್ದವರು, ಪಕ್ಕದ ಮನೆಯ ಶಾಂತಾಳಿಗೆ ಔರಾದಿನ ವರ ಗೊತ್ತಾದ ದಿನ ಬಾಗಿಲು ಹಾಕಿಕೊಂಡು, ಅವಳ ಹೆಸರು ಸೇರಿಸಿ ಹಾಡಿಕೊಂಡಿದ್ದರು. ಆಗಿನ್ನೂ ಹುಡುಗನಾಗಿದ್ದ ನಾನು ಕಿಟಕಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಆ ಹಾಡನ್ನು ರೆಕಾರ್ಡ್ ಮಾಡಿಕೊಂಡೆ. ಮರುದಿನ ಶಾಂತಾಳ ಅವ್ವ ಪೇಢೆ ಕೊಡಲು ಬಂದಾಗ ಎಲ್ಲರೆದುರು ಆ ಟೇಪ್ ಹಚ್ಚಿಬಿಟ್ಟೆ.

"ಡ್ರಮ್ ಬಡಿಯಾಂವಗ ನಮ್ ಪೋರಿ ಬೇಕಾಗಿದ್ಳಂತ, ನೋಡ್ರಿ!" ಎಂದಳು ಆಕೆ.

ಮನೆಯೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಕಾಕಾ ಬೈಯಲಿಲ್ಲ. "ಬಂದ್ ಮಾಡಪ್ಪಾ, ಸೆಲ್ ಖರ್ಚಾಗ್ತಾವ," ಎಂದರಷ್ಟೇ. ಆಮೇಲೆ ಅವರು ಹಾಡಿದ್ದನ್ನು ಮತ್ತೆಂದೂ ಯಾರೂ ಕೇಳಲಿಲ್ಲ.

ತಪ್ಪಾಯ್ತು ಎನ್ನಲೆಂದೇ ಈಗಲೂ ಅವರಿಗೆ ಫೋನ್ ಮಾಡುತ್ತೇನೆ. "ಹೊಲದಾಗ ತೊಗರಿ ಹ್ಯಾಂಗದ ಕಾಕಾ?" ಎಂದು ಕೇಳಿ ಇಟ್ಟುಬಿಡುತ್ತೇನೆ.